ತಾಲೂಕು ಆಸ್ಪತ್ರಿಯಾಗ ಕುಂತು ದೂರದ ಪೆಥಾಲಜಿಸ್ಟ್‌ಗೆ ಸ್ಲೈಡ್ ತೋರಸೂದು ಹೆಂಗ

ರೋಣ, ಮುಂಡರಗಿ, ಶಿರಹಟ್ಟಿ, ಹಾನಗಲ್ಲ, ಸವಣೂರ, ಕಲಘಟಗಿ, ಇಂಥಾ ಊರಾಗಿನ ಸಣ್ಣ ಆಸ್ಪತ್ರಿ ಲ್ಯಾಬ್‌ನಾಗ ಕೆಲಸ ಮಾಡೋ ಟೆಕ್ನಿಷಿಯನ್‌ಗೋಳಿಗೆ, ಅಲ್ಲಿ ಬಯಾಪ್ಸಿ ತಗಿಯೋ ಡಾಕ್ಟರ್‌ಗೋಳಿಗೆ ಅಂತ ಇದನ್ನ ಬರ್ಯಾಕತ್ತೀನಿ. ಗಂಟಿನೊಳಗ ಸೂಜಿ ಹಾಕೋರು ಇಲ್ಲಿರ್ತಾರ, ಬಾಯಾಗಿನ ಹುಣ್ಣಿಂದ ಚೂರು ತಗಿಯೋರು ಇಲ್ಲಿರ್ತಾರ, ಆದ್ರ ಅದನ್ನ ನೋಡಿ ಇದು ಕ್ಯಾನ್ಸರ್ ಹೌದೋ ಅಲ್ಲೋ ಅಂತ ಹೇಳೋ ಪೆಥಾಲಜಿಸ್ಟ್ ಮಾತ್ರ ಗದಗದಾಗೋ ಹುಬ್ಬಳ್ಳಿಯಾಗೋ ಇರ್ತಾರ. ಡಬ್ಬಿ ಹಿಡಕೊಂಡು ಪೇಷಂಟ್ ಮಗನೋ ಅಳಿಯಾನೋ ಬಸ್ ಹತ್ತತಾನ, ರಿಪೋರ್ಟಿಗೆ ಮತ್ತೊಮ್ಮೆ ಹೋಗಬೇಕು, ಅಂದ್ರ ಎರಡು ದಿನದ ಪಗಾರ ಹೋತು, ಸುಗ್ಗಿ ಬಂತಂದ್ರ ಎಷ್ಟೋ ಮಂದಿ ರಿಪೋರ್ಟ್ ತರಾಕ ಹೋಗೂದ ಇಲ್ಲ, ಆಮ್ಯಾಲೆ ಗಂಟು ದೊಡ್ಡದಾದ ಮ್ಯಾಲ ಬರ್ತಾರ. ಸ್ಲೈಡ್ (ಟಿಶ್ಯೂನೋ ರಕ್ತಾನೋ ತೆಳ್ಳಗ ಹಚ್ಚಿದ ಗಾಜಿನ ಪಟ್ಟಿ) ಇಲ್ಲೇ ತಯಾರು ಮಾಡಿ ಅದರ ಚಿತ್ರ ಮಾತ್ರ ಪೆಥಾಲಜಿಸ್ಟ್ ಕಡೆ ಕಳಿಸಿದ್ರ ಈ ಓಡಾಟದಾಗ ಭಾಳಷ್ಟು ಉಳೀತೈತಿ. ಇದಕ್ಕ ಟೆಲಿಪೆಥಾಲಜಿ ಅಂತಾರ.

ಇದು ಹೊಸಾದೇನಲ್ಲ. 1968ರಾಗನ ಅಮೆರಿಕದ ಬೋಸ್ಟನ್ ಏರ್‌ಪೋರ್ಟ್‌ನಾಗಿನ ಕ್ಲಿನಿಕ್‌ನಿಂದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರಿಗೆ ರಕ್ತದ ಸ್ಮಿಯರ್ (ಗಾಜಿನ ಮ್ಯಾಲ ತೆಳ್ಳಗ ಎಳದ ರಕ್ತ) ಚಿತ್ರ ಕಪ್ಪು ಬಿಳುಪು ಟಿವಿ ಮ್ಯಾಲ ಕಳಿಸಿದ್ರು. ಆದ್ರ ನಮಗ ಪಾಠ ಆಗೋದು ಶ್ರೀಮಂತ ದೇಶದ್ದಲ್ಲ. ಪೆಸಿಫಿಕ್ ಸಮುದ್ರದಾಗ ಸಾಲೊಮನ್ ದ್ವೀಪಗಳು ಅಂತ ಅದಾವ, ಅಲ್ಲಿ ಹೊನಿಯಾರಾ ಊರಿನ ದೊಡ್ಡಾಸ್ಪತ್ರಿಯಾಗ ಒಬ್ಬರೂ ಪೆಥಾಲಜಿಸ್ಟ್ ಇದ್ದಿದ್ದಿಲ್ಲ. 2001ರ ಸುಮಾರಿಗೆ ಅವರು ಸ್ಲೈಡ್ ಅಲ್ಲೇ ಮಾಡಿ, ಫೋಟೋ ತಗದು, ಇಮೇಲ್‌ನಾಗ ಸ್ವಿಟ್ಜರ್ಲೆಂಡಿನ ಬಾಸೆಲ್ ಯೂನಿವರ್ಸಿಟಿಯ ಐಪಾಥ್ ಅನ್ನೋ ಸರ್ವರಿಗೆ ಕಳಸಾಕ ಶುರು ಮಾಡಿದ್ರು. ಆಗಿನ ಆ ಇಂಟರ್ನೆಟ್ಟಿಗೆ ಹೋಲಿಸಿದ್ರ ನಮ್ಮ ಗಜೇಂದ್ರಗಡದಾಗಿನ ಮೊಬೈಲ್ ನೆಟ್‌ವರ್ಕ್ ಎಷ್ಟೋ ಛಲೋ ಐತಿ. ಆಫ್ರಿಕಾದ ಮಲಾವಿ ದೇಶದ ಲಿಲಾಂಗ್ವೆಯಾಗ 2011ರಾಗ ಪೆಥಾಲಜಿ ಲ್ಯಾಬ್ ಶುರು ಆತು, ಅಲ್ಲಿಯ ಡಾಕ್ಟರ್‌ಗೋಳು ಮತ್ತ ಅಮೆರಿಕದ ನಾರ್ತ್ ಕ್ಯಾರೊಲೈನಾ ಯೂನಿವರ್ಸಿಟಿಯವರು ವಾರಕ್ಕೊಮ್ಮೆ ಆನ್‌ಲೈನ್ ಕುಂತು ಕಷ್ಟದ ಕೇಸ್ ನೋಡ್ತಾರ. ರುವಾಂಡಾದ ಬುಟಾರೋ ಅನ್ನೋ ಹಳ್ಳಿಗಾಡಿನ ಕ್ಯಾನ್ಸರ್ ಆಸ್ಪತ್ರಿಯಾಗೂ ಫೋಟೋ ಕಳಿಸಿ ರಿಪೋರ್ಟ್ ತಗೊಂಡಾರ. ಅಲ್ಲೆಲ್ಲಾ ಕೆಲಸ ನಿಂತಿದ್ದು ಸ್ಲೈಡ್ ನೆಟ್ಟಗ ಮಾಡೋ ಕೈಯ ಮ್ಯಾಲ.

ಮೊದಲ ಈ ಲೆಕ್ಕ ತಿಳ್ಕೋರಿ

ಒಂದು ಸ್ಲೈಡ್ ಮ್ಯಾಲಿನ ಟಿಶ್ಯೂ ಉದ್ದ 15, ಅಗಲ 15 ಮಿಲಿಮೀಟರ್ ಅಂತ ಹಿಡೀರಿ, ಒಟ್ಟು 225 ಚದರ ಮಿಲಿಮೀಟರ್ ಆತು. ನಿಮ್ಮ ಐಪೀಸ್ (ಮೈಕ್ರೋಸ್ಕೋಪಿನಾಗ ಕಣ್ಣು ಇಡೋ ಲೆನ್ಸ್) ಮ್ಯಾಲ ಫೀಲ್ಡ್ ನಂಬರ್ 18 ಅಂತ ಇದ್ರ ಅದನ್ನ ಆಬ್ಜೆಕ್ಟಿವ್ (ಸ್ಲೈಡಿನ ಕಡೆ ಇರೋ ಲೆನ್ಸ್) ನಂಬರಿನಿಂದ ಭಾಗಿಸ್ರಿ, 40ಎಕ್ಸ್‌ನಾಗ ಕಾಣೋ ವರ್ತುಲದ ಅಗಲ 0.45 ಮಿಲಿಮೀಟರ್ ಬರ್ತೈತಿ. ಹಂಗಾರ ಆ ಇಡೀ ಟಿಶ್ಯೂ 40ರಾಗ ನೋಡಿ ಮುಗಸಾಕ ಸುಮಾರು 1400 ಫೀಲ್ಡ್, ಅಂದ್ರ ಅಂಥಾ ವರ್ತುಲ ಬೇಕು. ನೀವು 40ರಾಗ ಆರು ಫೋಟೋ ತಗದು ಕಳಿಸಿದ್ರ ಆ ಕಡೆ ಕುಂತ ಡಾಕ್ಟರ್ ನೋಡಿದ್ದು ನೂರಕ್ಕ ಅರ್ಧ ಪಾಲೂ ಅಲ್ಲ. ಉಳಿದದ್ದನ್ನ ಅವರ ಪರವಾಗಿ ನೀವು ನೋಡೀರಿ, ಇದರಾಗೇನಿಲ್ಲ ಅಂತ ನೀವ ತೀರ್ಮಾನ ಮಾಡೀರಿ. ಹಂಗಾಗಿ ಈ ಕೆಲಸದಾಗ ಟೆಕ್ನಿಷಿಯನ್ ಬರೇ ಫೋಟೋ ತಗಿಯೋ ಮನಷ್ಯಾ ಅಲ್ಲ, ಅರ್ಧ ರೋಗನಿರ್ಣಯ ಅವರ ಕೈಯಾಗ ಐತಿ. ಕ್ಯಾಮೆರಾ ಯಾವುದು ತಗೋಬೇಕ್ರಿ ಅಂತ ಕೇಳೋ ಮೊದಲ ಈ ಮಾತು ಮನಸ್ಸಿನಾಗ ಇಟ್ಕೋರಿ.

ಶುರು ಎಲ್ಲಿಂದ? ನನ್ನ ಕೇಳಿದ್ರ ಎಫ್‌ಎನ್‌ಎಸಿ (ಗಂಟಿಗೆ ಸಣ್ಣ ಸೂಜಿ ಹಾಕಿ ಸೆಲ್ ಎಳಿಯೋದು) ಮತ್ತ ರಕ್ತದ ಸ್ಮಿಯರ್‌ನಿಂದ. ಇವಕ್ಕ ಸ್ಟೇನ್ (ಸೆಲ್ ಕಾಣಾಕ ಹಚ್ಚೋ ಬಣ್ಣ), ಸ್ಪಿರಿಟ್ ಜಾರ್, ಮೈಕ್ರೋಸ್ಕೋಪ್ ಇದ್ರ ಸಾಕು. ಬಯಾಪ್ಸಿ ಅಂದ್ರ ಟಿಶ್ಯೂನ ಮೇಣದಾಗ ಕೂಡಿಸಿ ಬ್ಲಾಕ್ ಮಾಡಬೇಕು, ಅದನ್ನ ತೆಳ್ಳಗ ಕೊಯ್ಯೋ ಮೈಕ್ರೋಟೋಮ್ ಬೇಕು, ಅದನ್ನ ಹಿಡಿಯೋ ಪಳಗಿದ ಕೈ ಬೇಕು. ಅದಿಲ್ಲದ ಊರಿನವರು ಬಯಾಪ್ಸಿ ಡಬ್ಬಿನ ಹತ್ತಿರದ ಲ್ಯಾಬಿಗೆ ಕಳಿಸಿ ಸ್ಲೈಡ್ ಅಲ್ಲೇ ಮಾಡಿಸಿಕೊಳ್ಳೂದ ಛಲೋ, ಆದ್ರ ಡಬ್ಬಿಯೊಳಗ ಟಿಶ್ಯೂ ನೆಟ್ಟಗ ಇಡೋ ಜವಾಬ್ದಾರಿ ಮಾತ್ರ ನಿಮ್ಮದ.

ಡಬ್ಬಿ

ಡಬ್ಬಿ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ, ಯಾಕಂದ್ರ ಇಲ್ಲಿ ಕೆಟ್ಟಿದ್ದನ್ನ ಮುಂದ ಎಂಥಾ ಸ್ಕ್ಯಾನರೂ ಸರಿ ಮಾಡೂದಿಲ್ಲ. ಖಾಲಿ ಸಿರಪ್ ಬಾಟ್ಲಿಯೊಳಗ ಗಂಟು ಹಾಕಿ ಕಳಿಸೋರು ಇನ್ನೂ ಅದಾರ. ತಗದಾಗ ಗಂಟು ಮೆತ್ತಗಿರ್ತೈತಿ, ಸಣ್ಣ ಬಾಯಾಗ ಒತ್ತಿದ್ರ ಜಾರಿ ಒಳಗ ಹೋಗ್ತೈತಿ, ಟಿಶ್ಯೂ ಕೊಳೀಲಾರದಂಗ ಇಡೋ ಫಾರ್ಮಲಿನ್‌ನಾಗ ಒಂದು ರಾತ್ರಿ ಕಳದ್ರ ಕಟ್ಟಿಗಿಯಂಗ ಗಟ್ಟಿ ಆಗಿ ಹೊರಗ ಬರೂದಿಲ್ಲ, ಬಾಟ್ಲಿ ಒಡೀಬೇಕಾಗ್ತೈತಿ, ಗಾಜಿನ ಚೂರು ಟಿಶ್ಯೂದಾಗ ಸಿಕ್ಕೊಂಡು ಆಮ್ಯಾಲೆ ಮೈಕ್ರೋಟೋಮ್ ಬ್ಲೇಡೂ ಹಾಳು. ಅಗಲ ಬಾಯಿ ಇರೋ, ಮುಚ್ಚಳ ಬಿಗಿ ಕೂಡ್ರೋ ಪ್ಲಾಸ್ಟಿಕ್ ಡಬ್ಬಿ ತಗೋರಿ. ಹೆಸರು ಡಬ್ಬಿ ಮೈಮ್ಯಾಲ ಹಚ್ಚರಿ, ಮುಚ್ಚಳಕ್ಕಲ್ಲ, ಮುಚ್ಚಳ ಅದಲು ಬದಲು ಆಗ್ತಾವ.

ಅಂಗಡಿಯಾಗ ಸಿಗೋ ಫಾರ್ಮಲಿನ್ ಹಂಗ ಹಾಕಬ್ಯಾಡ್ರಿ. ಅದರಾಗ 100 ಮಿಲಿಗೆ 900 ಮಿಲಿ ನೀರು, ಅದಕ್ಕ 4 ಗ್ರಾಂ ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್, 6.5 ಗ್ರಾಂ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ ಕೂಡಸ್ರಿ, ಇದ 10 ಪರ್ಸೆಂಟ್ ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್. ಟಿಶ್ಯೂ ಒಂದು ಪಾಲಾದ್ರ ಫಾರ್ಮಲಿನ್ ಹತ್ತು ಪಾಲು ಇರಬೇಕು. ಇದು ಗಂಟೆಗೆ ಸುಮಾರು 1 ಮಿಲಿಮೀಟರ್ ಒಳಗ ಇಳೀತೈತಿ, ಆಳಕ್ಕ ಹೋದಂಗ ಇನ್ನೂ ಸಾವಕಾಶ, ಹಂಗಾಗಿ ದೊಡ್ಡ ಗಂಟನ್ನ, ಗರ್ಭಚೀಲನ ಇಡಿಯಾಗಿ ಮುಳಗಿಸಿಟ್ರ ಮ್ಯಾಲ ಗಟ್ಟಿ ಒಳಗ ಕೊಳತದ್ದು ಸಿಗ್ತೈತಿ. ಹೆಂಗ ಕೊಯ್ಯಬೇಕು ಅಂತ ಪೆಥಾಲಜಿಸ್ಟ್ ಕೇಳಿ ಕೊಯ್ದು ಹಾಕ್ರಿ. ಸಲೈನ್‌ನಾಗಂತೂ (ಉಪ್ಪಿನ ನೀರು) ಇಡಬ್ಯಾಡ್ರಿ. ಎದಿ ಗಂಟು ಆಗಿದ್ರ ತಗದ ಒಂದು ತಾಸಿನೊಳಗ ಫಾರ್ಮಲಿನ್‌ಗೆ ಬೀಳಬೇಕು, 6 ತಾಸಿಗಿಂತ ಕಡಿಮಿ ಬ್ಯಾಡ, 72 ತಾಸು ದಾಟೂದು ಬ್ಯಾಡ, ಯಾಕಂದ್ರ ಮುಂದ ಹಾರ್ಮೋನ್ ರಿಸೆಪ್ಟರ್ ಟೆಸ್ಟ್ ಮಾಡಿಸಬೇಕಾಗ್ತೈತಿ, ಯಾವ ಗುಳಿಗಿ ಕೊಡಬೇಕು ಅನ್ನೂದು ಆ ಟೆಸ್ಟ್ ಮ್ಯಾಲ ನಿಂತಿರ್ತೈತಿ. ತಗದ ಟೈಮು, ಫಾರ್ಮಲಿನ್‌ಗೆ ಹಾಕಿದ ಟೈಮು ಎರಡೂ ಬರೀರಿ. ಫಾರ್ಮಲಿನ್ ವಾಸನಿ ಸುಮ್ಮನ ಬಿಡೋ ವಾಸನಿ ಅಲ್ಲ, ಕ್ಯಾನ್ಸರ್ ತರೋದು ಅಂತ ಸಾಬೀತಾದದ್ದು, ಕಿಟಕಿ ತಗದು, ಗ್ಲೌಸ್ ಹಾಕ್ಕೊಂಡ ಮಾಡ್ರಿ.

ಎಫ್‌ಎನ್‌ಎಸಿ ಮಾಡಾಕಿದ್ರ ಸ್ಲೈಡ್ ಎರಡು ನಮೂನಿ ಬೇಕು. ಕೆಲವನ್ನ ಎಳದ ತಕ್ಷಣ, ಒಣಗಾಕ ಬಿಡದ, 95 ಪರ್ಸೆಂಟ್ ಆಲ್ಕೋಹಾಲ್‌ನಾಗ ಮುಳಗಸ್ರಿ, ಅವು ಪ್ಯಾಪ್ ಸ್ಟೇನಿಗೆ. ಉಳಿದವನ್ನ ಲಗೂನ ಒಣಗಸ್ರಿ, ಅವು ಜೀಮ್ಸಾ ಅನ್ನೋ ಇನ್ನೊಂದು ಸ್ಟೇನಿಗೆ. ಮಳಿಗಾಲದಾಗ ಹಾನಗಲ್ಲ ಕಡೆ ಸ್ಲೈಡ್ ಒಣಗೂದ ಇಲ್ಲ, ಸಾವಕಾಶ ಒಣಗಿದ್ರ ಸೆಲ್ ಆಕಾರ ಕೆಡತೈತಿ, ಒಂದು ಟೇಬಲ್ ಫ್ಯಾನ್ ಅದರ ಸಲುವಾಗಿನ ಇಟ್ಕೋರಿ.

ನೀರಿನ ವಿಷಯ

ಗದಗ ಜಿಲ್ಲಾದಾಗ ಬೋರಿನ ನೀರು ಗಡಸು ಅಂತ ಎಲ್ಲಾರಿಗೂ ಗೊತ್ತೈತಿ, ಪಾತ್ರಿ ತಳದಾಗ ಬಿಳೇ ಪದರ ಕಟ್ಟತೈತಿ. ಈ ನೀರು ಲ್ಯಾಬಿನಾಗ ಒಂದು ಕೆಲಸಕ್ಕ ಛಲೋ, ಇನ್ನೊಂದಕ್ಕ ಕೆಟ್ಟದ್ದು. ಬಯಾಪ್ಸಿ ಸ್ಲೈಡಿಗೆ ಹೆಮಟಾಕ್ಸಿಲಿನ್ ಅನ್ನೋ ಬಣ್ಣ ಹಾಕಿದ ಮ್ಯಾಲ ಅದು ಕೆಂಪಗ ಇರ್ತೈತಿ, ಕ್ಷಾರ ಇರೋ ನೀರಾಗ ಹಿಡದ್ರ ನೀಲಿ ತಿರಗತೈತಿ, ನಮ್ಮ ಗಡಸು ನೀರಾಗ ಅದು ಛಂದ ತಿರಗತೈತಿ. ಅದ ನೀರನ್ನ ರಕ್ತದ ಸ್ಮಿಯರ್‌ಗೆ, ಲೀಷ್ಮನ್ ಸ್ಟೇನಿಗೆ ಬೆರಸಿದ್ರ ಕೆಂಪು ರಕ್ತಕಣ ಸೈತ ನೀಲಿ ಬೂದಿ ಬಣ್ಣ ಆಗ್ತಾವ, ಇಯೊಸಿನೊಫಿಲ್ ಅನ್ನೋ ಬಿಳೇ ರಕ್ತಕಣದ ಗುರ್ತು ಸಿಗೂದಿಲ್ಲ, ದೂರ ಕುಂತ ಡಾಕ್ಟರ್‌ಗೆ ಇದು ರೋಗಾನೋ ನೀರೋ ಅಂತ ತಿಳೀಬೇಕಲ್ಲ. ಸ್ಮಿಯರ್‌ಗೆ ಡಿಸ್ಟಿಲ್ಡ್ ನೀರಾಗ ಮಾಡಿದ 6.8 ಪಿಎಚ್ ಬಫರ್ ಅಷ್ಟ ಬಳಸ್ರಿ. ದಿನಾ ಮುಂಜಾನೆ ಮೊದಲನೇ ಸ್ಲೈಡ್ ಪೇಷಂಟಿಂದಲ್ಲ, ನಾರ್ಮಲ್ ಅಂತ ಗೊತ್ತಿರೋ ಸ್ಲೈಡ್ ಸ್ಟೇನ್ ಮಾಡಿ ನೋಡ್ರಿ, ಬಣ್ಣ ಸರಿ ಬಂದ್ರ ಮುಂದಿಂದು.

ಫೋಟೋ

ಶುರುವಿಗೆ ಮೊಬೈಲ್ ಮತ್ತ ಐಪೀಸಿಗೆ ಅದನ್ನ ಹಿಡಿಯೋ ಅಡಾಪ್ಟರ್ ಸಾಕು. ಕೈಯಾಗ ಹಿಡದು ತಗೀಬ್ಯಾಡ್ರಿ, ಅಲಗಾಡಿದ್ದು ನಿಮ್ಮ ಸಣ್ಣ ಪರದಿ ಮ್ಯಾಲ ಗೊತ್ತಾಗೂದಿಲ್ಲ, ಅವರ ದೊಡ್ಡ ಪರದಿ ಮ್ಯಾಲ ಗೊತ್ತಾಗ್ತೈತಿ. ರೊಕ್ಕ ಇದ್ರ ಟ್ರೈನಾಕ್ಯುಲರ್ (ಕ್ಯಾಮೆರಾಕ್ಕ ಮೂರನೇ ಕೊಳವಿ ಇರೋ) ಮೈಕ್ರೋಸ್ಕೋಪಿಗೆ ಕೂಡ್ರೋ ಕ್ಯಾಮೆರಾ ತಗೋರಿ. ಆದ್ರ 108 ಮೆಗಾಪಿಕ್ಸೆಲ್ ಅಂತ ಮೊಬೈಲಿಗೆ ರೊಕ್ಕ ಸುರೀಬ್ಯಾಡ್ರಿ, ಎಷ್ಟು ಸಣ್ಣದು ಬಿಡಿಸಿ ಕಾಣತೈತಿ ಅನ್ನೂದನ್ನ ಆಬ್ಜೆಕ್ಟಿವ್ ಲೆನ್ಸ್ ನಿರ್ಧಾರ ಮಾಡತೈತಿ. ಸಾಮಾನ್ಯ 40ಎಕ್ಸ್ ಲೆನ್ಸ್ ಮ್ಯಾಲ 0.65 ಅಂತ ಬರದಿರ್ತೈತಿ ನೋಡ್ರಿ, ಅದಕ್ಕ ಸುಮಾರು ಅರ್ಧ ಮೈಕ್ರಾನ್‌ಕಿಂತ ಸಣ್ಣ ವಿವರ ಬಿಡಿಸಾಕ ಆಗೂದಿಲ್ಲ, ಫೋನ್ ಯಾವುದ ಇರ್ಲಿ. ಆ ರೊಕ್ಕದಾಗ ಲೆನ್ಸ್ ಸ್ವಚ್ಛ ಮಾಡಸ್ರಿ, ಎಷ್ಟೋ ಲ್ಯಾಬಿನ 40ಎಕ್ಸ್ ಲೆನ್ಸ್ ಮ್ಯಾಲ ಇಮ್ಮರ್ಷನ್ ಆಯಿಲ್ ಒಣಗಿ ಕುಂತಿರ್ತೈತಿ, ಮಂದಿ ಮೈಕ್ರೋಸ್ಕೋಪ್ ಹಳೇದಾತು ಅಂತಾರ.

ಕಂಡೆನ್ಸರ್ (ಸ್ಲೈಡಿನ ಕೆಳಗಿಂದ ಬೆಳಕು ಕೂಡಿಸೋ ಲೆನ್ಸ್) ಮ್ಯಾಲಕ್ಕ ಏರಿಸಿ ಅದರ ಬಾಗಿಲಾ ಮೂರರಾಗ ಎರಡು ಪಾಲು ತಗದಿಡ್ರಿ, ಪೂರಾ ಮುಚ್ಚಿದ್ರ ಸೆಲ್ ಸುತ್ತ ಕಪ್ಪು ಗೆರಿ ಬರ್ತಾವ. ಫೋನಿನಾಗ ಫ್ಲ್ಯಾಶ್, ಬ್ಯೂಟಿ, ಎಐ ಸೀನ್, ಎಚ್‌ಡಿಆರ್ ಎಲ್ಲಾ ಬಂದ್ ಮಾಡ್ರಿ. ಮುಖಕ್ಕ ಮೆರಗ ಕೊಡೋ ಸಾಫ್ಟ್‌ವೇರ್ ನ್ಯೂಕ್ಲಿಯಸ್‌ನೂ ನುಣ್ಣಗ ಮಾಡತೈತಿ, ನ್ಯೂಕ್ಲಿಯಸ್ ಒರಟಾಗೇತೋ ಇಲ್ಲೋ ಅನ್ನೂದರ ಮ್ಯಾಲನ ಕ್ಯಾನ್ಸರ್ ತೀರ್ಮಾನ ಇರ್ತೈತಿ. ಸ್ಲೈಡ್ ಖಾಲಿ ಇರೋ ಕಡೆ ಒಯ್ದು, ಬಿಳೇದು ಬಿಳೇ ಕಾಣೋ ಹಂಗ ವೈಟ್ ಬ್ಯಾಲೆನ್ಸ್ ಕೂಡಸ್ರಿ, ಆಮ್ಯಾಲೆ ಫೋಕಸ್ ಲಾಕ್.

ಮೊದಲ ಬರಿಗಣ್ಣಿಗೆ ಕಾಣೋ ಹಂಗ ಇಡೀ ಸ್ಲೈಡಿನ ಒಂದು ಫೋಟೋ, ಲೇಬಲ್ ಮುಚ್ಚಿ. ಆಮ್ಯಾಲೆ 4ಎಕ್ಸ್‌ನಾಗ ಎಲ್ಲಾ ಟಿಶ್ಯೂ ಬರೋ ಹಂಗ ಒಂದರ ಅಂಚು ಇನ್ನೊಂದಕ್ಕ ಕೂಡೋ ಹಂಗ ತಗೀರಿ, ಇದು ಭಾಳ ಮಂದಿ ಬಿಟ್ಟ ಬಿಡ್ತಾರ, ಆದ್ರ ಡಾಕ್ಟರ್‌ಗೆ ಇದ ಊರಿನ ನಕಾಶಿ. ಅದರಾಗ ಬ್ಯಾರೆ ಬ್ಯಾರೆ ಕಾಣೋ ಜಾಗಾ ಒಂದೊಂದಕ್ಕೂ 10ಎಕ್ಸ್, ಆಮ್ಯಾಲೆ ಅದ ಜಾಗಾದ 40ಎಕ್ಸ್. ಚಂದ ಕಾಣೋದನ್ನ ಅಷ್ಟ ಆರಿಸಬ್ಯಾಡ್ರಿ, ವಿಚಿತ್ರ ಕಾಣೋದು, ತಿಳೀಲಾರದ್ದು, ನಾರ್ಮಲ್ ಮತ್ತ ಕೆಟ್ಟದ್ದು ಕೂಡೋ ಗಡಿ, ಅವನ್ನ ಮೊದಲು ತಗೀರಿ. ಬಾಯಿ ಹುಣ್ಣಿನ ಬಯಾಪ್ಸಿ ಆದ್ರ ಮ್ಯಾಲಿನ ಪದರ ಕೆಳಗಿನ ಟಿಶ್ಯೂದೊಳಗ ಇಳದೈತೋ ಇಲ್ಲೋ ಅನ್ನೂದ ಪ್ರಶ್ನೆ, ಆ ಗಡಿ ಇಲ್ಲದ ಫೋಟೋ ಎಷ್ಟು ಕಳಿಸಿದ್ರೂ ಉತ್ತರ ಬರೂದಿಲ್ಲ. ಅಳತಿಗೆ ಸ್ಟೇಜ್ ಮೈಕ್ರೋಮೀಟರಿನ (ಸಣ್ಣ ಅಳತಿ ಗೆರಿ ಇರೋ ಗಾಜು) ಫೋಟೋ ಪ್ರತಿ ಆಬ್ಜೆಕ್ಟಿವ್‌ನಾಗ ಒಮ್ಮೆ ತಗದು ಅವರ ಕಡೆ ಕೊಟ್ಟಿಡ್ರಿ, ಅದಿಲ್ಲಾಂದ್ರ ಪಕ್ಕದಾಗ ಕೆಂಪು ರಕ್ತಕಣ ಬರೋ ಹಂಗ ತಗೀರಿ, ಅದು 7 ಮೈಕ್ರಾನಿನ ಆಸುಪಾಸು ಇರ್ತೈತಿ.

ವಾಟ್ಸಾಪ್‌ನಾಗ ಫೋಟೋ ಅಂತ ಕಳಿಸಿದ್ರ ಅದು ಹಿಂಡಿ ಸಣ್ಣದು ಮಾಡತೈತಿ. ಕಳಸಲೇಬೇಕಂದ್ರ ಡಾಕ್ಯುಮೆಂಟ್ ಅಂತ ಕಳಸ್ರಿ. ಅದಕ್ಕಿಂತ ಇಬ್ಬರಿಗಷ್ಟ ಪಾಸ್‌ವರ್ಡ್ ಇರೋ ಫೋಲ್ಡರ್ ಛಲೋ. ಹೆಸರು, ಫೋನ್ ನಂಬರ್, ಆಧಾರ್ ಯಾವುದೂ ಫೋಟೋ ಜೋಡಿ ಹೋಗಬಾರದು, ಕೋಡ್ ನಂಬರ್ ಹಾಕ್ರಿ, ಕೋಡ್ ಯಾರದು ಅನ್ನೂದು ನಿಮ್ಮ ರಜಿಸ್ಟರ್‌ನಾಗ ಇರ್ಲಿ. ಊರು ಸಣ್ಣದಿರ್ತೈತಿ, ಯಾರಿಗೆ ಕ್ಯಾನ್ಸರ್ ಅಂತ ಗ್ರೂಪಿನಾಗ ಹರಿದಾಡಿದ್ರ ಆ ಮನಿಯವರು ಏನು ಅನುಭವಸ್ತಾರ ಅಂತ ನಿಮಗ ಗೊತ್ತೈತಿ. ಪೇಷಂಟಿಗೆ ಕನ್ನಡದಾಗ ತಿಳಿಸಿ ಹೇಳಿ ಒಪ್ಪಿಗಿ ಸಹಿ ತಗೋರಿ.

ಫೋಟೋದಷ್ಟ ಮುಖ್ಯ ಹಿಸ್ಟರಿ. "ಬಾಯಿ ಹುಣ್ಣು, ದಯವಿಟ್ಟು ನೋಡ್ರಿ" ಅಂತ ಬರದು ಕಳಿಸಿದ್ರ ಅವರು ಕಣ್ಣು ಕಟ್ಟಿಕೊಂಡು ನೋಡಿದಂಗ. ಹಿಂಗ ಬರೀರಿ: "ಗಂಡಸು, 54 ವರ್ಷ. ಎಡಗಲ್ಲದ ಒಳಗ 3 ತಿಂಗಳಿಂದ ಹುಣ್ಣು, 2 ಸೆಂ.ಮೀ., ಅಂಚು ಎತ್ತರ, ಮುಟ್ಟಿದ್ರ ರಕ್ತ. ಬಾಯಿ ಎರಡು ಬೆರಳಷ್ಟ ತೆರೀತೈತಿ. 20 ವರ್ಷದಿಂದ ತಂಬಾಕು, ಸುಣ್ಣ. ಎಡ ದವಡಿ ಕೆಳಗ ಗಟ್ಟಿ ಗಂಟು. ಚೂರು ಹುಣ್ಣಿನ ಅಂಚಿಂದ." ಇದಕ್ಕ ಪೇಷಂಟ್ ಜೋಡಿ ಐದು ನಿಮಿಷ ಕುಂದರಬೇಕು ಅಷ್ಟ, "ಯಜ್ಜಾರ, ತಂಬಾಕ ಯಾವ ಕಡೆ ಇಟ್ಕೋತಿದ್ರಿ?" ಅಂತ ಕೇಳಿದ್ರ ಅವರ ತೋರಸ್ತಾರ. ಎಲುವಿನ ಗಂಟು ಆದ್ರ ಎಕ್ಸ್‌ರೇ ಇಲ್ಲದ ಕಳಸಲೇಬ್ಯಾಡ್ರಿ.

ಲೈವ್, ಮತ್ತ ಸ್ಕ್ಯಾನರ್

ವಿಡಿಯೋ ಕಾಲ್‌ನಾಗ ಸ್ಲೈಡ್ ತೋರಸೂದು ಎಲ್ಲಾ ಕೇಸಿಗೂ ಬ್ಯಾಡ, ಇಬ್ಬರೂ ಒಂದ ಟೈಮಿಗೆ ಖಾಲಿ ಇರಬೇಕಾಗ್ತೈತಿ. ಆದ್ರ ಒಂದು ಕಡೆ ಅದರ ಬೆಲೆ ದೊಡ್ಡದು: ಸೂಜಿ ಹಾಕಿದ ತಕ್ಷಣ ಮಾಲು ಸಾಕಷ್ಟು ಬಂದೈತೋ ಇಲ್ಲೋ ನೋಡಾಕ. ಟೊಲ್ಯುಡಿನ್ ಬ್ಲೂ ಅನ್ನೋ ಲಗೂ ಹತ್ತೋ ಬಣ್ಣ ಹಾಕಿ ತೋರಿಸಿದ್ರ, ಪೇಷಂಟ್ ಇನ್ನೂ ಟೇಬಲ್ ಮ್ಯಾಲ ಇರುವಾಗನ "ಬರೇ ರಕ್ತ ಐತಿ, ಇನ್ನೊಮ್ಮೆ ಅಂಚಿಂದ ತಗೋರಿ" ಅಂತ ಅವರು ಹೇಳಬಹುದು, ಪೇಷಂಟ್ ಮತ್ತ ಬರೂದು ತಪ್ಪತೈತಿ. ಮೈಕ್ರೋಸ್ಕೋಪಿನಾಗ ಚಿತ್ರ ಉಲ್ಟಾ ಇರ್ತೈತಿ, ಸ್ಲೈಡ್ ಎಡಕ್ಕ ಸರಿಸಿದ್ರ ಚಿತ್ರ ಬಲಕ್ಕ ಹೋಗ್ತೈತಿ, ಹಂಗಾಗಿ ಎಡ ಬಲ ಅಂದ್ರ ಪರದಿ ಮ್ಯಾಲಿನ ಎಡ ಬಲ ಅಂತ ಮೊದಲ ಮಾತಾಡಿಕೋರಿ. "ಬಲಕ್ಕ ಹೋಗ್ರಿ, ಇನ್ನ ಸ್ವಲ್ಪ, ನಿಲ್ರಿ ನಿಲ್ರಿ, ಅದ ಗುಂಪು, 40ಕ್ಕ ಹಾಕ್ರಿ." "ಹಾಕೇನ್ರಿ ಮೇಡಂ, ಕಾಣಾಕತ್ತೈತೇನ್ರಿ?" ಇಷ್ಟ ಮಾತು. ಸರಿಸಿ, ನಿಂತು, ಆಮ್ಯಾಲೆ ಸರಿಸ್ರಿ. ಓಡಿಸಿದ್ರ ನೆಟ್‌ವರ್ಕಿಗೆ ಚಿತ್ರ ತಡಕೊಳ್ಳಾಕ ಆಗದ ಬರೇ ಚೌಕ ಚೌಕ ಕಾಣತಾವ.

ಇಡೀ ಸ್ಲೈಡ್ ಸ್ಕ್ಯಾನ್ ಮಾಡೋ ಮಷಿನ್ ಬಂದಾವ, 2017ರಾಗ ಅಮೆರಿಕದ ಔಷಧ, ಉಪಕರಣಕ್ಕ ಒಪ್ಪಿಗಿ ಕೊಡೋ ಸಂಸ್ಥೆ ಎಫ್‌ಡಿಎ ಫಿಲಿಪ್ಸ್ ಕಂಪನಿಯ ಸಿಸ್ಟಂಗೆ ನೇರ ರೋಗನಿರ್ಣಯಕ್ಕ ಒಪ್ಪಿಗಿ ಕೊಟ್ಟಿತು. ಮೇಲಿನ 1400 ಫೀಲ್ಡಿನ ಸಮಸ್ಯೆ ಅಲ್ಲಿಲ್ಲ, ಡಾಕ್ಟರ್ ತಾವ ಎಲ್ಲಾ ಕಡೆ ಓಡಾಡಿ ನೋಡ್ತಾರ. ಆದ್ರ ಅದ 15 ಮಿಲಿಮೀಟರ್ ಚೌಕನ 0.25 ಮೈಕ್ರಾನಿಗೆ ಒಂದು ಪಿಕ್ಸೆಲ್ ಅಂತ ಸ್ಕ್ಯಾನ್ ಮಾಡಿದ್ರ 60,000 ಗುಣಿಲೆ 60,000 ಪಿಕ್ಸೆಲ್, ಹಿಂಡೋ ಮೊದಲ 10 ಜಿಬಿ ದಾಟತೈತಿ. ಹಿಂಡಿದ ಮ್ಯಾಲ 500 ಎಂಬಿ ಅಂತ ಹಿಡದ್ರೂ ಸೆಕೆಂಡಿಗೆ 2 ಮೆಗಾಬಿಟ್ ಹೋಗೋ ಲೈನಿನಾಗ ಒಂದ ಸ್ಲೈಡಿಗೆ ಅರ್ಧ ತಾಸಿನ ಮ್ಯಾಲ ಬೇಕು. ಅದ ಲೈನಿನಾಗ 3 ಎಂಬಿದ ಹತ್ತು ಫೋಟೋ 2 ನಿಮಿಷದಾಗ ಹೋಗ್ತಾವ. ತಾಲೂಕಿಗೊಂದು ಸ್ಕ್ಯಾನರ್ ಅನ್ನೋ ಮಾತು ನನಗ ಒಪ್ಪಿಗಿ ಇಲ್ಲ, ಜಿಲ್ಲೆಗೊಂದು ಇಟ್ಟು ಸುತ್ತಲಿನವರು ಸ್ಲೈಡ್ ಕಳಿಸಿದ್ರ ಅದಕ್ಕ ಕೆಲಸಾನೂ ಇರ್ತೈತಿ, ರಿಪೇರಿ ಕರಾರಿಗೆ ರೊಕ್ಕಾನೂ ಹುಟ್ಟತೈತಿ. ಟಾಂಜಾನಿಯಾದಾಗ ಓಪನ್‌ಫ್ಲೆಕ್ಶರ್ ಅನ್ನೋ, ತ್ರೀಡಿ ಪ್ರಿಂಟರ್‌ನಾಗ ಭಾಗ ಮಾಡಿಕೊಳ್ಳೋ ಮೈಕ್ರೋಸ್ಕೋಪ್ ಅಲ್ಲಿಯವರ ಕಟ್ಟಾಕತ್ತಾರ, ಅದರ ನಕ್ಷಾ ಎಲ್ಲಾರಿಗೂ ಪುಕಟ ಐತಿ. ನಮ್ಮ ಎಂಜಿನಿಯರಿಂಗ್ ಕಾಲೇಜಿನ ಹುಡುಗೂರು ಇದನ್ನ ಕೈಗೆ ಎತ್ತಿಕೊಂಡ್ರ ಎಷ್ಟು ಛಲೋ.

ಯಾರು ಸಹಿ ಮಾಡ್ತಾರ

ಲ್ಯಾಬ್ ರಿಪೋರ್ಟ್‌ಗೆ ಪೆಥಾಲಜಿಯಾಗ ಪಿಜಿ ಮಾಡಿದ ರಜಿಸ್ಟರ್ಡ್ ಡಾಕ್ಟರ್ ಸಹಿ ಬೇಕು ಅಂತ ಸುಪ್ರೀಂ ಕೋರ್ಟ್ 2017ರ ಡಿಸೆಂಬರ್‌ನಾಗ ಹೇಳೈತಿ. ಟೆಕ್ನಿಷಿಯನ್ ಎಷ್ಟ ಅನುಭವದವರಿದ್ರೂ ತಾವ ರಿಪೋರ್ಟ್ ಕೊಡಬಾರದು, ಫೋನಿನಾಗ ಹೇಳಿದ್ದನ್ನ ಬರಕೊಂಡು ಕೊಡೂದೂ ಬ್ಯಾಡ. ಆ ಡಾಕ್ಟರ್ ಜೋಡಿ ಆಸ್ಪತ್ರಿ ಲಿಖಿತ ಕರಾರು ಮಾಡಿಕೊಳ್ಳಲಿ: ಎಷ್ಟು ದಿನದಾಗ ಉತ್ತರ, ಅವರು ರಜಾ ಹೋದ್ರ ಯಾರು, ಕೇಸಿಗೆ ಎಷ್ಟು ಫೀ. ಫೀ ಕೊಡಲೇಬೇಕು. ಪರಿಚಯದ ಮ್ಯಾಲ ಪುಕಟ ನೋಡೋರು ಶುರುವಿಗೆ ಖುಷಿಯಿಂದ ನೋಡ್ತಾರ, ತಮ್ಮ ಕೆಲಸ ಹೆಚ್ಚಾದಾಗ ನಮ್ಮದು ಹಿಂದ ಬೀಳತೈತಿ, ಅವರದೇನು ತಪ್ಪಿಲ್ಲ. ರಿಪೋರ್ಟಿನಾಗ ಇದು ಚಿತ್ರ ನೋಡಿ ಕೊಟ್ಟದ್ದು, ಎಷ್ಟು ಚಿತ್ರ ನೋಡಿದ್ದು ಅಂತ ಬರದಿರಬೇಕು. "ಇಷ್ಟರ ಮ್ಯಾಲ ಹೇಳಾಕ ಆಗೂದಿಲ್ಲ, ಗಾಜು ಕಳಸ್ರಿ" ಅನ್ನೋ ಉತ್ತರ ಬಂದ್ರ ಬ್ಯಾಸರ ಮಾಡ್ಕೋಬ್ಯಾಡ್ರಿ, ಅನುಮಾನದಾಗ ನಿಂತು ಕೇಳೋ ಡಾಕ್ಟರೇ ಬೇಕಾದವರು.

ಪೇಷಂಟಿಗೆ ಹಿಂಗ ರಿಪೋರ್ಟ್ ಕೊಡಾಕ ಶುರು ಮಾಡೋ ಮೊದಲ ಈ ಪದ್ಧತಿನ ಪರೀಕ್ಷೆ ಮಾಡ್ರಿ. ಇಡೀ ಸ್ಲೈಡ್ ಸ್ಕ್ಯಾನಿಗೆ ಅಮೆರಿಕದ ಪೆಥಾಲಜಿಸ್ಟ್‌ಗಳ ಕಾಲೇಜು 2013ರಾಗ ಹೇಳಿದ ಪದ್ಧತಿ ಐತಿ: ಕಡಿಮಿ ಅಂದ್ರ 60 ಕೇಸ್, ಒಬ್ಬರ ಡಾಕ್ಟರ್ ಗಾಜಿನ ಮ್ಯಾಲ ಒಮ್ಮೆ, ಕನಿಷ್ಠ ಎರಡು ವಾರ ಬಿಟ್ಟು ಚಿತ್ರದಾಗ ಒಮ್ಮೆ ನೋಡಬೇಕು, ಎರಡೂ ಉತ್ತರ ತಾಳೆ ನೋಡಬೇಕು. 2021ರಾಗ ಅದನ್ನ ತಿದ್ದಿದಾಗ 95 ಪರ್ಸೆಂಟ್‌ಕಿಂತ ಕಡಿಮಿ ಕೂಡಿದ್ರ ಕಾರಣ ಹುಡುಕ್ರಿ ಅಂದಾರ. ನಾವು ಫೋಟೋ ಕಳಸೋರು ಇದನ್ನ ಇನ್ನೂ ಬಿಗಿಯಾಗಿ ಮಾಡಬೇಕು, ಯಾಕಂದ್ರ ಇಲ್ಲಿ ಆರಿಸೋ ಕಣ್ಣಿನ ಪರೀಕ್ಷೆನೂ ಆಗ್ತೈತಿ. ತಾಳೆ ಆಗದ ಕೇಸ್ ಒಂದೊಂದೂ ತಗದು, ಸ್ಲೈಡಿನಾಗ ಇದ್ದದ್ದು ಫೋಟೋದಾಗ ಬರಲಿಲ್ಲೋ, ಫೋಟೋದಾಗ ಇದ್ರೂ ಗುರ್ತು ಹಿಡೀಲಿಲ್ಲೋ ಅಂತ ಇಬ್ಬರೂ ಕೂಡಿ ನೋಡ್ರಿ. ಮೊದಲನೇದಾದ್ರ ನಿಮ್ಮ ತರಬೇತಿ, ಎರಡನೇದಾದ್ರ ಚಿತ್ರದ ಗುಣಮಟ್ಟ.

ಕೆಲವು ಕೇಸ್ ಫೋಟೋ ಮ್ಯಾಲ ಮುಗಸಬ್ಯಾಡ್ರಿ. ಲಿಂಫೋಮಾ (ಲಿಂಫ್ ಗಂಟಿನ ಕ್ಯಾನ್ಸರ್) ಅನ್ನೋ ಅನುಮಾನ, ಇಮ್ಯುನೋ ಸ್ಟೇನ್ (ಸೆಲ್‌ನಾಗಿನ ಪ್ರೋಟೀನ್ ತೋರಸೋ ಬಣ್ಣ) ಬೇಕಾಗೋ ಎದಿ ಕ್ಯಾನ್ಸರ್, ಸಣ್ಣ ಮಕ್ಕಳ ಗಂಟು, ಕಪ್ಪು ಮಚ್ಚೆ, ಇವುಗಳ ಬ್ಲಾಕ್ ದೊಡ್ಡ ಲ್ಯಾಬಿಗೆ ಹೋಗಬೇಕು. ಚಿತ್ರದಿಂದ ಆಗೋ ಉಪಯೋಗ ಅಂದ್ರ ಯಾವ ಬ್ಲಾಕ್ ಕಳಸಬೇಕು, ಎಷ್ಟು ಅವಸರ ಐತಿ ಅಂತ ಅವತ್ತ ಗೊತ್ತಾಗ್ತೈತಿ. ಬ್ಲಾಕಿನ ಮೇಣ 56 ಡಿಗ್ರಿ ಆಸುಪಾಸು ಕರಗತೈತಿ, ಅದಕ್ಕಿಂತ ಮೊದಲ ಮೆತ್ತಗಾಗಿ ಒಂದಕ್ಕೊಂದು ಅಂಟತಾವ, ಏಪ್ರಿಲ್ ಮೇ ತಿಂಗಳದಾಗ ಕಾರಿನ ಡ್ಯಾಶ್‌ಬೋರ್ಡ್ ಮ್ಯಾಲ, ಬಸ್ಸಿನ ಎಂಜಿನ್ ಕಡೆ ಪಾರ್ಸೆಲ್ ಇಡಬ್ಯಾಡ ಅಂತ ಒಯ್ಯೋರಿಗೆ ಹೇಳ್ರಿ. ಒಂದೊಂದ ಬ್ಲಾಕ್ ಬ್ಯಾರೆ ಬ್ಯಾರೆ ಕವರ್‌ನಾಗ, ಥರ್ಮಾಕೋಲ್ ಡಬ್ಬಿಯಾಗ. ಬ್ಲಾಕ್ ಮತ್ತ ಸ್ಲೈಡ್ ಒಂದ ಪಾರ್ಸೆಲ್‌ನಾಗ ಕಳಸಬ್ಯಾಡ್ರಿ, ಒಂದು ಕಳದ್ರ ಇನ್ನೊಂದು ಉಳೀಲಿ, ಮುಟ್ಟಿದ್ದಕ್ಕ ಆ ಕಡೆಯವರ ಸಹಿ ತಗೊಂಡು ರಜಿಸ್ಟರ್‌ನಾಗ ಹಚ್ಚಿಡ್ರಿ.